ನಲ್ಲಪ್ಪ ಮೇಷ್ಟ್ರ ಸ್ವಯಂಪಾಕ

ಮಾಲ್ಡೀವ್ಸ್‌ನಿಂದ ವಾಪಸಾಗಿ ಚೀಮಲದಿನ್ನೆ ಹೈಸ್ಕೂಲಿನಲ್ಲಿ ಡ್ಯೂಟಿಗೆ ಸೇರಿಕೊಂಡ ದಿನವೇ ನಲ್ಲಪ್ಪ ಮೇಷ್ಟ್ರ ಎಡಗಾಲಿನ ಶೂವನ್ನು ನಾಯಿಯೊಂದು ಕಚ್ಚಿಕೊಂಡು ಓಡಿತು.

ತಪ್ಪು ನಾಯಿಯದಲ್ಲ. ಮೇಷ್ಟ್ರು ಅಷ್ಟು ವರ್ಷ ಇಂಗ್ಲಿಷ್ ಕಲಿಸಿದ ದ್ವೀಪದಲ್ಲಿ ಬೀದಿಯೆಂದರೆ ಮರಳು, ಅಂಗಳವೆಂದರೂ ಮರಳು. ಮನೆಯೊಳಕ್ಕಾಗಲಿ ಶಾಲೆಯ ಮೇಷ್ಟ್ರುಗಳ ಕೋಣೆಯೊಳಕ್ಕಾಗಲಿ ಯಾರೂ ಪಾದರಕ್ಷೆ ತರುತ್ತಿರಲಿಲ್ಲ. ಅಲ್ಲಿ ಅಂಟಿಕೊಂಡ ಅಭ್ಯಾಸ ವಿಮಾನ ಹತ್ತಿ ಬಂದು, ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ, ಸಾದಲಿ ದಾಟಿ, ಚೀಮಲದಿನ್ನೆಯ ಸ್ಟಾಫ್ ರೂಮಿನ ಹೊಸ್ತಿಲವರೆಗೂ ಅವರ ಜೊತೆಗೇ ಬಂದಿತ್ತು. ಯಾರಿಗೆ ಮೊದಲು ನಮಸ್ಕಾರ ಹೇಳಬೇಕೆಂದು ತಲೆ ಇನ್ನೂ ಯೋಚಿಸುತ್ತಿರುವಾಗಲೇ ಕಾಲು ತನ್ನ ಪಾಡಿಗೆ ತಾನು ಶೂ ಬಿಚ್ಚಿ ಪಕ್ಕಕ್ಕಿಟ್ಟಿತು. ಸ್ವಲ್ಪ ಹೊತ್ತಿಗೆ ಹೊರಗೆ ಮಕ್ಕಳ ಕೇಕೆ. ಎಂಟನೇ ಕ್ಲಾಸಿನ ಅರ್ಧ ಹಾಜರಿ ನಾಯಿಯ ಹಿಂದೆ ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು. ಶೂ ಸಿಕ್ಕಿತು, ಅದರ ನಾಲಿಗೆ ಸಿಗಲಿಲ್ಲ. ಇಂಗ್ಲಿಷ್ ಮೇಷ್ಟ್ರಿಗೆ ನಾಲಿಗೆ ಹೋಗುವುದು ಸಣ್ಣ ನಷ್ಟವೇನಲ್ಲ. ಆದರೂ ನಲ್ಲಪ್ಪನವರು ಎಲ್ಲರ ಜೊತೆ ತಾವೂ ನಕ್ಕರು.

ಆ ನಗು ನಿಂತದ್ದು ಹೆಡ್‌ಮಾಸ್ಟರ್ ವೆಂಕಟರವಣಪ್ಪನವರ ಮಾತಿಗೆ.

“ಹೋಗ್ಲಿ ಬಿಡಿ ನಲ್ಲಪ್ನೋರೇ. ಫಾರಿನ್ ಎಲ್ಲಾ ನೋಡ್ಕಂಡು ಬಂದ್ರೂ ನಿಮ್ ವಿನಯ ಹೋಗಿಲ್ಲ ನೋಡಿ. ಹೊರಗಡೇನೇ ಬಿಟ್ಟು ಒಳಗೆ ಬಂದ್ರಿ. ನನಗೆ ಬಾಳ ಸಂತೋಷ ಆಯ್ತು.”

ಕೋಣೆಯಲ್ಲಿದ್ದ ಮಿಕ್ಕವರೂ ಹೌದು ಹೌದೆಂದು ತಲೆಯಾಡಿಸಿದರು. ಎಲ್ಲರ ಕಾಲಲ್ಲೂ ಚಪ್ಪಲಿಯಿತ್ತು. ನಲ್ಲಪ್ಪನವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಬರಿಗಾಲಿಗೆ ಸಿಮೆಂಟಿನ ನೆಲ ತಣ್ಣಗೆ ತಾಗಿತು. ಮಾರನೆಯ ದಿನದಿಂದ ಅವರು ಮಳೆಯಿರಲಿ, ಕೆಸರಿರಲಿ, ಶೂ ಹಾಕಿಕೊಂಡೇ ಒಳಗೆ ಬಂದರು. ದಿನಾ ಪಾಲಿಶ್.

ನಲ್ಲಪ್ಪನವರು ತೊಂಡೇಬಾವಿಯವರು. ಅಪ್ಪ ಬಯ್ಯಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಹೆಗಲ ಮೇಲೆ ಸುತ್ತಿಗೆ ಹೊತ್ತು ಹಿಂದೂಪುರದ ಕಡೆಯ ಹಳಿಯ ಉದ್ದಕ್ಕೂ ನಡೆದವನು. ಕೇರಿಯಲ್ಲಿ ಬುದ್ಧನ ಪಟ ತಂದು ಗೋಡೆಗೆ ಮೊಳೆ ಹೊಡೆದವರಲ್ಲಿ ಅವನೇ ಮೊದಲಿಗ. ಮಗನಿಗೆ ಇಂಗ್ಲಿಷ್ ಅಕ್ಷರ ಕಲಿಸಿದ್ದು ಸ್ಟೇಷನ್ನಿನ ಹಳದಿ ಬೋರ್ಡು. ಶಾಲೆಯಲ್ಲಿ ಮೇಷ್ಟ್ರು ಹುಡುಗನನ್ನು ಬಾಗಿಲ ಪಕ್ಕದಲ್ಲೇ ಕೂರಿಸುತ್ತಿದ್ದರು, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಹೇಳಿ. ಆ ಗಾಳಿಯಲ್ಲೇ ಓದಿ, ಗೌರಿಬಿದನೂರಿನಲ್ಲಿ ಹೈಸ್ಕೂಲು ಮುಗಿಸಿ, ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಪಾಸಾದ ಕೇರಿಯ ಮೊದಲನೆಯವನಾದ ನಲ್ಲಪ್ಪ. ಮುಂದೆ ಬೆಂಗಳೂರಿನ ಹಾಸ್ಟೆಲಿನ ಅನ್ನ, ಬಿ.ಎ., ಬಿ.ಎಡ್., ಸರ್ಕಾರಿ ಕೆಲಸ.

ಎಪ್ಪತ್ತೊಂಬತ್ತರಲ್ಲಿ ನೈಜೀರಿಯಾದವರು ಇಂಗ್ಲಿಷ್ ಮೇಷ್ಟ್ರುಗಳನ್ನು ಹುಡುಕಿಕೊಂಡು ಬಂದಿದ್ದಾರೆಂದು ಪೇಪರಿನಲ್ಲಿ ಬಂತು. ನಲ್ಲಪ್ಪ ಸಂದರ್ಶನಕ್ಕೆ ಹೋದರು, ಆಯ್ಕೆಯೂ ಆದರು. ಹೆಂಡತಿ ಆಂಜಿನಮ್ಮನನ್ನು ಕರೆದುಕೊಂಡು ಸೊಕೊಟೊ ಎಂಬ ಪಟ್ಟಣದಾಚೆಯ ಒಂದು ಹಳ್ಳಿಗೆ ಹೋಗಿ ಇಳಿದರು. ಬಿಸಿಲು, ಧೂಳು, ಜೋಳದ ಹೊಲ, ಆಡು. ಚಿಂತಾಮಣಿಯ ಆಚೆಗೆಲ್ಲೋ ಬಸ್ಸು ಕೆಟ್ಟು ನಿಂತಿದೆಯೇನೋ ಎಂದು ಆಂಜಿನಮ್ಮನಿಗೆ ಅನಿಸಿತು.

ಅಲ್ಲಿ ಮೇಷ್ಟ್ರಿಗೆ ಮಾಲಂ ಎನ್ನುತ್ತಾರೆ. ಮಾಲಂ ಎದುರಾದರೆ ಎತ್ತರದ ಹುಡುಗರೂ ಮಂಡಿ ಬಗ್ಗಿಸಿ ಕೂತು, ರಾತ್ರಿ ನಿದ್ದೆ ಹೇಗಾಯಿತು, ಮನೆಯವರು ಹೇಗಿದ್ದಾರೆ, ಆಯಾಸ ಕಳೆಯಿತೇ ಎಂದು ಒಂದೊಂದಾಗಿ ಕೇಳಬೇಕು. ಎಲ್ಲದಕ್ಕೂ ಮೇಷ್ಟ್ರು ಚೆನ್ನಾಗಿದೆ ಎಂದು ಉತ್ತರ ಕೊಡಬೇಕು. ಕ್ಲಾಸಿನ ಅರ್ಧ ಹೊತ್ತು ಕ್ಷೇಮಸಮಾಚಾರದಲ್ಲೇ ಮುಗಿಯುತ್ತಿತ್ತು. ತೊಂಡೇಬಾವಿಯಲ್ಲಾದರೆ ತಾನು ಯಾರು ಎಂದು ಯಾರಿಗೂ ಹೇಳಬೇಕಾಗಿಯೇ ಇರಲಿಲ್ಲ; ಎಲ್ಲರಿಗೂ ಮಾಲೂಮ್. ಇಲ್ಲಿ ಅವರು ಬರೀ ಮಾಲಂ.

ಹೋದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿಯ ಅಪ್ಪ ಊಟಕ್ಕೆ ಕರೆದ. ಚಾಪೆಯ ನಡುವೆ ದೊಡ್ಡದೊಂದು ಬೋಗುಣಿ. ಅದರಲ್ಲಿ ನಮ್ಮ ಮುದ್ದೆಯಂಥದೇ ಒಂದು ಗುಡ್ಡೆ, ಬೆಂಡೆಕಾಯಿಯ ಲೋಳೆ ಸಾರು, ಮೇಲೆ ಒಂದೆರಡು ಮಾಂಸದ ತುಂಡು. ಮನೆಯ ಗಂಡಸರೆಲ್ಲ ಸುತ್ತ ಕೂತು ಅದಕ್ಕೇ ಕೈ ಹಾಕಿದರು. ನಲ್ಲಪ್ಪನವರ ಕೈ ಮಾತ್ರ ಬೋಗುಣಿಯ ಮೇಲೆ ಗಾಳಿಯಲ್ಲಿ ನಿಂತುಬಿಟ್ಟಿತು. ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು ಅವರು ಒಬ್ಬೊಬ್ಬರ ಮುಖ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಹುಡುಗನ ಅಪ್ಪ ಮಾಂಸದ ದೊಡ್ಡ ತುಂಡನ್ನು ಬೆರಳಿನಿಂದ ಇವರ ಕಡೆಗೆ ತಳ್ಳಿ, ತಿನ್ನು ಎಂದು ಕಣ್ಣಲ್ಲೇ ಹೇಳಿದ. ಅವತ್ತು ತಾವು ಏನು ತಿಂದೆವು, ಹೇಗಿತ್ತು ಎಂಬುದು ನಲ್ಲಪ್ಪನವರಿಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಎಂಬತ್ತನಾಲ್ಕರ ಹೊತ್ತಿಗೆ ಆ ದೇಶದ ಕೈ ಬರಿದಾಯಿತು. ಹೊರಗಿನಿಂದ ಹೋದ ಮೇಷ್ಟ್ರುಗಳೆಲ್ಲ ಒಬ್ಬೊಬ್ಬರಾಗಿ ಹಿಂದಿರುಗಿದರು. ಒಂದೆರಡು ವರ್ಷ ಬಿಟ್ಟು ನಲ್ಲಪ್ಪ ಮಾಲ್ಡೀವ್ಸ್‌ಗೆ ಹೋದರು, ಈ ಸಲ ಒಬ್ಬರೇ. ಆಂಜಿನಮ್ಮ ಮಕ್ಕಳ ಓದಿಗೆಂದು ಗೌರಿಬಿದನೂರಿನಲ್ಲಿ ಬಾಡಿಗೆ ಮನೆ ಹಿಡಿದು ಉಳಿದಳು. ದ್ವೀಪದಲ್ಲಿ ಒಂದು ಮೀನುಗಾರರ ಕುಟುಂಬದ ಜೊತೆಗೇ ವಾಸ. ರೊಟ್ಟಿ, ತೆಂಗಿನತುರಿ ಬೆರೆಸಿದ ಮೀನು, ಮನೆಯವರಿಗೆ ಏನೋ ಇವರಿಗೂ ಅದೇ. ಸೊಕೊಟೊ ಕಡೆಯ ಮಕ್ಕಳು ಉತ್ತರವನ್ನು ಕೂಗಿ ಹೇಳಿದರೆ ದ್ವೀಪದ ಮಕ್ಕಳು ಪಿಸುಗುಟ್ಟುತ್ತಿದ್ದರು. ಪಾಠದಲ್ಲಿ ರೈಲು ಬಂತು. ಬೆಟ್ಟ ಕಾಣದ, ನದಿ ಕಾಣದ ಮಕ್ಕಳಿಗೆ ರೈಲು ತೋರಿಸುವುದು ಹೇಗೆ? ಮೇಷ್ಟ್ರು ಬೋರ್ಡಿನ ಮೇಲೆ ತೊಂಡೇಬಾವಿ ಸ್ಟೇಷನ್ ಬರೆದರು: ಪ್ಲಾಟ್‌ಫಾರಂ, ಹಳದಿ ಬೋರ್ಡು, ಹಳಿ, ಹಳಿಯ ಪಕ್ಕ ಸುತ್ತಿಗೆ ಹಿಡಿದ ಒಬ್ಬ ಮನುಷ್ಯ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು, ಇದು ಮುಳುಗಿದರೆ ಅಷ್ಟೂ ಜನ ಈಜಿಕೊಂಡು ಬರುತ್ತಾರಾ ಸಾರ್?

ಆವತ್ತು ಸಂಜೆ ಸಮುದ್ರದ ದಂಡೆಯಲ್ಲಿ ಕೂತಾಗ ನಲ್ಲಪ್ಪನವರಿಗೆ ಒಂದು ಆಸೆ ಗಟ್ಟಿಯಾಗಿ ಹಿಡಿದುಕೊಂಡಿತು. ಯಾರ್ಯಾರ ಮಕ್ಕಳಿಗೋ ಇಂಗ್ಲಿಷ್ ಕಲಿಸಿದ್ದಾಯಿತು. ತನ್ನ ಸೀಮೆಯ ಒಂದು ಹತ್ತನೇ ಕ್ಲಾಸಿಗೆ, ರೈಲೆಂದರೆ ಏನೆಂದು ಗೊತ್ತಿದ್ದೂ ಇಂಗ್ಲಿಷಿನಲ್ಲಿ ಫೇಲಾಗಿ ಹಳಿಯ ಪಕ್ಕದಲ್ಲೇ ಉಳಿದುಬಿಡುವ ಮಕ್ಕಳಿಗೆ, ಒಂದು ಸಲವಾದರೂ ಕಲಿಸಬೇಕು. ಅಷ್ಟೇ ಆಸೆ. ಚೀಮಲದಿನ್ನೆಗೆ ಅವರು ಬಂದದ್ದೇ ಅದಕ್ಕೆ.

ಬಂದ ಮೇಲೆ ಸಿಕ್ಕಿದ್ದು ಎಂಟನೇ ಕ್ಲಾಸಿನ ಸಮಾಜ, ಡ್ರಾಯಿಂಗು ಮತ್ತು ಶಾಲೆಯ ತೋಟ. ಎರಡು ದೇಶಕ್ಕೆ ಇಂಗ್ಲಿಷ್ ಕಲಿಸಿದ ಮನುಷ್ಯ ಬದನೆ ಗಿಡಕ್ಕೆ ನೀರು ಹಾಕಿಸುತ್ತಾ ನಿಂತರು. ಹತ್ತನೇ ಕ್ಲಾಸು ಹತ್ತಿರದಲ್ಲೇ ಇತ್ತು, ಹತ್ತಲು ಮೆಟ್ಟಿಲು ಮಾತ್ರ ಇರಲಿಲ್ಲ. ಹತ್ತರ ಇಂಗ್ಲಿಷು ಅನಂತರಾಮಯ್ಯನವರದು. ಹಿರಿಯರು, ವ್ಯಾಕರಣದಲ್ಲಿ ಗಟ್ಟಿಗರು. ಅವರಿರುವಾಗ ಕೇಳುವುದು ನ್ಯಾಯವಲ್ಲವೆಂದು ನಲ್ಲಪ್ಪನವರೂ ಸುಮ್ಮನಿದ್ದರು. ತೊಂಬತ್ತೊಂದರ ಡಿಸೆಂಬರಿಗೆ ಅನಂತರಾಮಯ್ಯನವರು ರಿಟೈರಾಗುವವರಿದ್ದರು. ಇನ್ನು ತನ್ನದೇ ಎಂದು ನಲ್ಲಪ್ಪ ಹೊಸ ಚಾಕ್‌ಪೀಸಿನ ಡಬ್ಬಿಯನ್ನೂ ತಂದಿಟ್ಟುಕೊಂಡರು.

ಹೊಸ ವೇಳಾಪಟ್ಟಿ ಬಂದಾಗ ಹತ್ತರ ಇಂಗ್ಲಿಷಿನ ಎದುರು ಇದ್ದ ಹೆಸರು ವೆಂಕಟೇಶ್. ಅವನು ಲೆಕ್ಕದ ಮೇಷ್ಟ್ರು, ಮೂವತ್ತೂ ತುಂಬದವನು, ಮಾಲ್ಡೀವ್ಸ್‌ಗೆ ಅರ್ಜಿ ಹಾಕಬೇಕೆಂದು ದಿನಾ ನಲ್ಲಪ್ಪನವರ ತಲೆ ತಿನ್ನುವವನು. ಬದನೆ ಪಾತಿಯ ಹತ್ತಿರ ಬಂದು ನಿಂತ.

“ಸಾರ್, ನನ್ನ ಕೈಲಿ ಆಗಲ್ಲ. ಎ ಎಲ್ಲಿ ಹಾಕ್ಬೇಕು, ಆನ್ ಎಲ್ಲಿ ಹಾಕ್ಬೇಕು, ನನಗೇ ಗೊತ್ತಿಲ್ಲ.”

“ಮತ್ತೆ ನಿಮಗ್ಯಾಕಪ್ಪ ಕೊಟ್ರು?”

ವೆಂಕಟೇಶ್ ಬದನೆ ಗಿಡದ ಒಣ ಎಲೆ ಕೀಳತೊಡಗಿದ. “ಕೇಳ್ಬೇಡಿ ಸಾರ್.”

“ಕೇಳ್ತಾ ಇದೀನಿ.”

“ಊಟದ್ದು ಸಾರ್” ಎಂದ ಅವನು, ತಲೆಯೆತ್ತದೆ.

ಚೀಮಲದಿನ್ನೆಯಲ್ಲಿ ಒಂದು ಪದ್ಧತಿಯಿತ್ತು. ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷಿಗೆ ಜಾಗವಿದ್ದದ್ದು ಮಾರ್ಕ್ಸ್ ಕಾರ್ಡಿನ ಕೆಂಪು ಗೆರೆಯ ಮೇಲೆ ಮಾತ್ರ. ಹಾಗಾಗಿ ಜನವರಿಯಿಂದ ಪರೀಕ್ಷೆಯವರೆಗೆ ಹತ್ತನೇ ಕ್ಲಾಸಿನ ಇಂಗ್ಲಿಷ್ ಮೇಷ್ಟ್ರು ಊರಲ್ಲೇ ಉಳಿದು ದಿನಾ ಸಂಜೆ ಪಾಠ ಹೇಳಬೇಕು. ಅದಕ್ಕೆ ಫೀಸು ಇಲ್ಲ. ಬದಲಿಗೆ ಆ ಮಕ್ಕಳ ಮನೆಯವರು ಸರದಿಯ ಮೇಲೆ ಮೇಷ್ಟ್ರನ್ನು ಕರೆದು, ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿ, ಊಟ ಬಡಿಸಬೇಕು. ಮೇಷ್ಟ್ರು ಉಂಡ ಮನೆಯ ಮಗು ಫೇಲಾಗುವುದಿಲ್ಲ ಎಂಬ ನಂಬಿಕೆಯೂ ಬೆಳೆದಿತ್ತು.

ಅನಂತರಾಮಯ್ಯನವರದು ಮಾತ್ರ ಬೇರೆ. ಮಡಿಯವರು, ಬೇರೆಯವರ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರಲ್ಲ. ಅವರಿಗೆ ಪಡಿ. ಸರದಿಯ ಮನೆಯ ಹೆಂಗಸು ಮೊರದಲ್ಲಿ ಅಕ್ಕಿ, ಬೇಳೆ, ತರಕಾರಿ, ಬೆಲ್ಲ, ಮೇಲೊಂದು ತೆಂಗಿನಕಾಯಿ, ಎರಡು ವೀಳ್ಯದೆಲೆ ಇಟ್ಟು ಶಾಲೆಯ ಜಗಲಿಗೆ ತಂದು ಒಪ್ಪಿಸುವಳು. ಅಯ್ಯನವರು ಪಕ್ಕದ ಕೋಣೆಯಲ್ಲಿ ಸ್ವಯಂಪಾಕ ಮಾಡಿಕೊಳ್ಳುವರು. ಊರಿಗೆ ಅದರಿಂದ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ಮೇಷ್ಟ್ರು ನಡುಮನೆಗೆ ಬರದಿದ್ದರೆ ಗೌರವ. ನಲ್ಲಪ್ಪ ಮೇಷ್ಟ್ರು ನಡುಮನೆಗೆ ಬಂದುಬಿಟ್ಟರೆ? ಅದನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ವೇಳಾಪಟ್ಟಿಯೇ ಉತ್ತರ ಕೊಟ್ಟಿತ್ತು.

ನಲ್ಲಪ್ಪನವರು ಕೈ ತೊಳೆದುಕೊಂಡು ಹೆಡ್‌ಮಾಸ್ಟರ ಕೋಣೆಗೆ ಹೋದರು.

“ಸಾರ್, ಹತ್ತರ ಇಂಗ್ಲಿಷ್ ನನಗೆ ಕೊಡಿ.”

“ಕೊಡಬಾರ್ದು ಅಂತೇನಿಲ್ಲ ನಲ್ಲಪ್ನೋರೇ. ನಿಮ್ಮಷ್ಟು ತಿಳ್ಕಂಡೋರು ಈ ತಾಲ್ಲೂಕಿನಾಗೇ ಇಲ್ಲ. ಆದ್ರೆ ಹಳ್ಳಿ ಜನ ನೋಡಿ... ಹೆಂಗೆ ಹೇಳ್ಲಿ ನಾನು...”

“ನಾನೇ ಹೇಳ್ತೀನಿ ಸಾರ್. ನಡುಮನೆ.”

ವೆಂಕಟರವಣಪ್ಪನವರು ಕಿಟಕಿಯಾಚೆಗೆ ನೇತುಹಾಕಿದ್ದ ಗಂಟೆಯನ್ನು ನೋಡಿದರು. ಅದು ಹೊಡೆದುಕೊಂಡರೆ ಎಷ್ಟು ಚೆನ್ನಾಗಿತ್ತು ಎಂಬಂತೆ.

“ನಾನೂ ಸುಮ್ನೆ ಕೂತಿಲ್ಲ. ಆವಲಪ್ನೋರ ಹತ್ರ ಮಾತಾಡ್ದೆ. ಕಮಿಟಿ ಪ್ರೆಸಿಡೆಂಟು, ಒಳ್ಳೇರು, ಅವರ ಮಗಳೂ ಹತ್ತರಲ್ಲೇ ಅವಳೆ. ಅವರೊಂದು ದಾರಿ ಹೇಳವ್ರೆ. ಬೇಕಾದ್ರೆ ಮನೆಗಳಿಂದ ಊಟಾನ ಸ್ಕೂಲಿಗೇ ಕಳಿಸ್ತಾರಂತೆ. ಎಲೇಲಿ ಕಟ್ಟಿ. ಪಾತ್ರೆ ವಾಪಸ್ ಕೊಡೋ ರಗಳೆನೂ ಇಲ್ಲ ನಿಮಗೆ.”

ಎಲೆಯಲ್ಲಿ ಕಟ್ಟಿದ ಊಟವನ್ನು ನಲ್ಲಪ್ಪನವರು ಬಲ್ಲರು. ಮದುವೆಮನೆಗಳ ಹಿತ್ತಲ ಬಾಗಿಲಲ್ಲಿ ಟವೆಲು ಒಡ್ಡಿ ನಿಂತ ಬಯ್ಯಪ್ಪನನ್ನೂ, ಆ ಟವೆಲಿಗೆ ಮೇಲಿನಿಂದ ಬೀಳುತ್ತಿದ್ದ ಪೊಟ್ಟಣವನ್ನೂ ಅವರು ಅಪ್ಪನ ಕಾಲ ಹಿಂದೆ ನಿಂತು ನೋಡಿದ್ದರು. ಆ ಅನ್ನ ಬಿಸಿಯಾಗಿಯೇ ಇರುತ್ತಿತ್ತು.

“ಬೇಡ ಸಾರ್. ಅನಂತರಾಮಯ್ಯನೋರಿಗೆ ಏನು ಕೊಡ್ತಾ ಇದ್ರೋ ಅದನ್ನೇ ಕೊಡಕ್ಕೆ ಹೇಳಿ.”

“ಪಡೀನಾ?”

“ಪಡಿ. ನಂದೂ ಸ್ವಯಂಪಾಕ.”

“ತಡೀರಿ, ತಡೀರಿ. ಅಂದ್ರೆ... ನೀವು ಅವರ ಮನೇಲಿ ಉಣ್ಣಲ್ಲ ಅಂತಾನಾ?”

“ಹೂಂ ಸಾರ್. ನಾನೇ ಉಣ್ಣಲ್ಲ.”

ವೆಂಕಟರವಣಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರ ಮನಸ್ಸಿಗೂ ನೋವಾಗದ, ಯಾರ ಹೊಸ್ತಿಲೂ ಮುಟ್ಟದ ಏರ್ಪಾಡು. ಬೇಡವೆನ್ನಲು ಒಂದು ಕಾರಣವೂ ಉಳಿದಿರಲಿಲ್ಲ. ಆದರೂ ತಮಗೆ ಯಾರೋ ಏನೋ ಅಂದುಬಿಟ್ಟ ಹಾಗೆ ಅವರಿಗೆ ಆ ದಿನವೆಲ್ಲ ಅನಿಸುತ್ತಲೇ ಇತ್ತು. ವೇಳಾಪಟ್ಟಿಯಲ್ಲಿ ವೆಂಕಟೇಶನ ಹೆಸರು ಹೊಡೆದುಹಾಕಿದರು.

ಅನಂತರಾಮಯ್ಯನವರು ಕೋಣೆ ಖಾಲಿ ಮಾಡುವ ದಿನ ಪಂಪ್ ಸ್ಟೌವನ್ನು ಒರೆಸಿ ಮೂಲೆಯಲ್ಲಿಟ್ಟರು.

“ಇದು ಇಲ್ಲೇ ಇರಲಿ, ನಿಮಗಾಗುತ್ತೆ. ಪಿನ್ನು ಗೂಡಲ್ಲಿದೆ. ಜಾಸ್ತಿ ಪಂಪ್ ಹೊಡೀಬೇಡಿ, ಬುಸ್ ಅಂತ ಮೇಲಕ್ಕೇ ಬರುತ್ತೆ.” ಸ್ಟೌ ಒರೆಸಿದ ಬಟ್ಟೆಯನ್ನು ಕೊಡವಿ, “ನಲ್ಲಪ್ಪ, ನಾನು ಹೊರಗೆ ಉಣ್ಣದೇ ಇದ್ದದ್ದು ನನ್ನ ಮಡಿಗಪ್ಪ. ನಿಮಗ್ಯಾಕೆ ಈ ಕಷ್ಟ?” ಎಂದರು.

“ನಂದೂ ಒಂಥರಾ ಮಡೀನೇ ಸ್ವಾಮಿ.”

ಅಯ್ಯನವರು ಸ್ಟೌವನ್ನು ಅಲ್ಲೇ ಬಿಟ್ಟರು. ಪಾತ್ರೆಗಳನ್ನು ಮಾತ್ರ ಒಂದೂ ಬಿಡದೆ ಪಂಚೆಯಲ್ಲಿ ಗಂಟುಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಹೊರಟರು.

ಆ ವಾರ ಪಾತ್ರೆ ತರಲು ಗೌರಿಬಿದನೂರಿಗೆ ಹೋದಾಗ ಆಂಜಿನಮ್ಮ ಕುಕ್ಕರು, ಬಾಣಲೆ, ಸೌಟುಗಳನ್ನು ಚೀಲಕ್ಕೆ ತುಂಬಿದಳು. ತುಂಬುವ ಸದ್ದಿನಲ್ಲೇ ಅವಳ ಮನಸ್ಸು ಕೇಳಿಸುತ್ತಿತ್ತು.

“ಸೊಕೊಟೊನಾಗೆ ಊರೋರ ಜತೇಲಿ ಒಂದೇ ಬೋಗುಣೀಲಿ ಉಂಡೋರು ನೀವು. ಇಲ್ಲಿ ನಮ್ ಸೀಮೇಲಿ ಸೇರಕ್ಕಿ ಇಸ್ಕಂಡು ಒಬ್ರೇ ಒಲೆ ಮುಂದೆ ಕುಂತ್ಕಂತೀರಾ? ಇವ್ರಿಗೆ ಇಂಗ್ಲಿಷ್ ಬರದೇ ಹೋದ್ರೆ ಹೋಗ್ಲಿ ಬಿಡಿ ಅತ್ಲಾಗೆ.”

“ಬೋಗುಣಿ ಬೇಕು ಅಂತ ನಾನು ಬಂದಿಲ್ಲ ಕಣೆ. ಕ್ಲಾಸು ಬೇಕು.”

“ನಿಮಗೆ ಉಪ್ಪು ಎಷ್ಟು ಹಾಕ್ಬೇಕು ಅಂತನಾದ್ರೂ ಗೊತ್ತಾ?”

ಗೊತ್ತಿರಲಿಲ್ಲ. ಹೇಳಿಕೊಟ್ಟಳು, ಬೈದುಕೊಂಡೇ.

ಮೊದಲನೆಯ ಸರದಿ ಪ್ರೆಸಿಡೆಂಟರ ಮನೆಯದು. ಆವಲಪ್ಪನ ತಾಯಿ ಮುನಿಶಾಮಮ್ಮ ಮೊರ ಹೊತ್ತು ಜಗಲಿಗೆ ಬಂದಳು. ಅಕ್ಕಿ, ಬೇಳೆ, ತೆಂಗಿನಕಾಯಿ, ವೀಳ್ಯದೆಲೆ, ಒಂದೂ ಕಡಿಮೆಯಿರಲಿಲ್ಲ. ಅಯ್ಯನವರಿಗಿಂತ ಕಡಿಮೆ ಕೊಟ್ಟರೆಂಬ ಮಾತು ಬರಬಾರದೆಂದು ಒಂದು ಕುಡಿಕೆ ತುಪ್ಪವೂ ಇತ್ತು. ತೊಂದರೆಯಾದದ್ದು ಒಪ್ಪಿಸುವಾಗ. ಅಯ್ಯನವರಿಗಾದರೆ, ತಗೊಳ್ಳಿ ಸ್ವಾಮಿ ಎನ್ನುತ್ತಿದ್ದಳು. ಈಗ ಸ್ವಾಮಿ ಎನ್ನಲು ನಾಲಿಗೆ ಹೊರಳಲಿಲ್ಲ; ತಗೋಪ್ಪ ಎನ್ನೋಣವೆಂದರೆ ಎದುರಿಗಿರುವವರು ಮೇಷ್ಟ್ರು, ಕಾಲಲ್ಲಿ ಪಾಲಿಶ್ ಮಾಡಿದ ಶೂ. ಮುದುಕಿ ಮೊರ ಹಿಡಿದು ನಿಂತೇ ಇದ್ದಳು. ಕೊನೆಗೆ ಇಂಗ್ಲಿಷೇ ಅವಳ ಕೈ ಹಿಡಿಯಿತು.

“ತಗೊಳ್ಳಿ ಸಾರೂ” ಎಂದಳು, ಮೊಮ್ಮಗಳಿಂದ ಕೇಳಿ ಕಲಿತದ್ದನ್ನು. ನಲ್ಲಪ್ಪನವರು ಎರಡೂ ಕೈಯಲ್ಲಿ ಮೊರ ತೆಗೆದುಕೊಂಡು, ಬರಿದು ಮಾಡಿ, ಹಿಂದಕ್ಕೆ ಕೊಟ್ಟರು. ಮುನಿಶಾಮಮ್ಮ ಮೊರವನ್ನು ಜಗಲಿಯ ಕೆಳಗೆ ಬಡಿದಳು. ಧೂಳು ಕೊಡವಲೋ, ಬೇರೆ ಏನನ್ನು ಕೊಡವಲೋ.

ಅವರೆಕಾಯಿಯ ಕಾಲ ಬಂತು. ನೆನೆಸಿ ಸಿಪ್ಪೆ ಹಿತಕಿ ತೆಗೆದ ಬೇಳೆಯ ಸಾರಿಲ್ಲದೆ ಆ ಸೀಮೆಯಲ್ಲಿ ಯಾರ ಮನೆಯಲ್ಲೂ ಮುದ್ದೆ ಒಳಗಿಳಿಯದ ದಿನಗಳು. ಮುನಿಶಾಮಮ್ಮ ತನ್ನ ಸರದಿಗೆ ಒಂದು ಬಟ್ಟಲು ಹಿತಕಿದ ಬೇಳೆಯನ್ನೇ ತಂದಳು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಕ್ಕಯ್ಯಮ್ಮ ತಡೆದಳು.

“ಅದು ಪಡಿಯಾಗಲ್ಲ ಕಣಕ್ಕ. ನೀರು ಸೋಕೈತೆ.”

“ನೀರು ಸೋಕಿದ್ರೆ ಬೆಂದಂಗೇನೇ? ಬೆಂಕಿ ಸೋಕಿಲ್ಲ.”

“ಅಯ್ಯನೋರಿಗೆ ಯಾವತ್ತಾದ್ರೂ ಹಿತಕಿ ಕೊಟ್ಟಿದ್ದಾ ನೀನು?”

“ಅಯ್ಯನೋರಿಗೆ ಹಿತಕಕ್ಕೆ ಬರ್ತಿತ್ತು. ಈ ವಯ್ಯ ಉಗುರೆಲ್ಲಾ ಸೀಳ್ಕಂಡವ್ನೆ, ಕೈ ನೋಡು.” ಆಮೇಲೆ ನಲ್ಲಪ್ಪನವರ ಕಡೆ ತಿರುಗಿ, “ನೀವೇ ಹೇಳಿ ಸಾರೂ, ಆಗ್ತದಾ?” ಎಂದಳು.

ಹಸಿಯೇ, ಬೆಂದದ್ದೇ ಎಂಬ ಆ ತೀರ್ಪಿನ ಮೇಲೆ ತಮ್ಮ ಕ್ಲಾಸು ನಿಂತಿದೆಯೆಂದು ನಲ್ಲಪ್ಪನವರಿಗೆ ಗೊತ್ತಿತ್ತು. ಊರಿಗೆ ಒಂದು ನೆವ ಸಾಕಿತ್ತು.

“ಕಾಯೇ ಕೊಡೀಮ್ಮ. ನಾನೇ ಹಿತಕ್ಕೊಂತೀನಿ” ಎಂದರು. ಮುದುಕಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಹೋದಳು.

ಪಾಠ ಮಾತ್ರ ಸೊಗಸಾಗಿ ನಡೆಯಿತು. ಹತ್ತನೇ ಕ್ಲಾಸಿನ ಮಕ್ಕಳು ಮನೆಯ ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಕೈಯಲ್ಲಿ ಅದರ ಹಸಿರು ವಾಸನೆ ಹೊತ್ತುಕೊಂಡೇ ಸಂಜೆ ಬರುವರು. ಹುಳು ಹಣ್ಣಾಗಿ ಗೂಡು ಕಟ್ಟಲು ಬಿಡುವ ದಿನ ಯಾರೂ ಬರುವುದಿಲ್ಲ. ಅದಕ್ಕೆ ಮೇಷ್ಟ್ರು ಬೈಯಲೂ ಇಲ್ಲ. ಅಡುಗೆಗೂ ಪಾಠಕ್ಕೂ ಬೇರೆ ಬೇರೆ ಹೊತ್ತು ಸಿಗದೆ, ಮೇಷ್ಟ್ರು ಸ್ಟೌವನ್ನು ಜಗಲಿಗೇ ತಂದುಕೊಂಡು ಪಾಠ ಶುರುಮಾಡಿದರು. ಅಕ್ಕಿ ತೊಳೆಯಲ್ಪಟ್ಟಿತು, ಬೇಳೆ ಬೇಯಿಸಲ್ಪಟ್ಟಿತು, ಸಾರು ಮೇಷ್ಟ್ರಿಂದ ಕೆಡಿಸಲ್ಪಟ್ಟಿತು ಎಂದು ಮಕ್ಕಳು ಇಂಗ್ಲಿಷಿನಲ್ಲಿ ಒಕ್ಕೊರಲಿನಿಂದ ಕೂಗುವರು. ಕರ್ಮ ಮೇಷ್ಟ್ರದು, ಕರ್ಮಣಿ ಪ್ರಯೋಗ ಮಕ್ಕಳದು. ಸೊಕೊಟೊ ಕಡೆಯ ಹುಡುಗರ ಗಂಟಲಿಗೂ ಈ ಗಂಟಲಿಗೂ ನಲ್ಲಪ್ಪನವರಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಫೆಬ್ರವರಿಯ ಒಂದು ಸಂಜೆ ಸಾರು ಅಪರೂಪಕ್ಕೆ ಚೆನ್ನಾಗಿ ಕೂಡಿಬಂತು. ಒಗ್ಗರಣೆಯ ಘಮ ಜಗಲಿಯ ತುಂಬ ಹರಡಿತು. ಮಕ್ಕಳು ವಾಕ್ಯ ನಿಲ್ಲಿಸಿ ಮೂಗರಳಿಸಿದರು. ಆವಲಪ್ಪನ ಮಗಳು ಎದ್ದು ಸ್ಟೌವಿನ ಹತ್ತಿರವೇ ಬಂದಳು.

“ಸಾರ್, ಒಂಚೂರು ಕೈಗೆ ಹಾಕಿ ಸಾರ್. ಟೇಸ್ಟು.”

“ನನಗೂ ಸಾರ್.”

“ಏಯ್, ನಾನು ಮೊದ್ಲು ಕೇಳಿದ್ದು.”

ಒಂದರ ಮೇಲೊಂದು ಅಂಗೈಗಳು ಚಾಚಿಕೊಂಡವು. ಸೊಪ್ಪಿನ ಹಸಿರು ಇನ್ನೂ ಹೋಗಿರದ ಅಂಗೈಗಳು. ನಲ್ಲಪ್ಪನವರು ಸೌಟನ್ನು ಎತ್ತಿದರು. ಎತ್ತಿದ ಕೈ ಪಾತ್ರೆಯ ಮೇಲೆ ಹಾಗೆಯೇ ನಿಂತಿತು. ಈ ಮಕ್ಕಳು ಮನೆಗೆ ಹೋಗಿ, ಸಾರ್ ಮಾಡಿದ ಸಾರು ಚೆನ್ನಾಗಿತ್ತೆಂದು ಖುಷಿಯಿಂದ ಹೇಳುತ್ತವೆ. ನಾಳೆ ಮೊರ ಬರುವುದಿಲ್ಲ. ಮೊರ ಹೋಗಲಿ, ಮಕ್ಕಳೇ ಬರುವುದಿಲ್ಲ. ಪರೀಕ್ಷೆ ಎದುರಿಗಿದೆ.

“ಬೇಡ” ಎಂದರು. “ಮನೇಲಿ ಬೈತಾರೆ. ಹೋಗಿ ಕೂತ್ಕೊಳ್ಳಿ.”

“ಯಾರ್ಗೂ ಹೇಳಲ್ಲ ಸಾರ್.”

“ಕೂತ್ಕೊಳ್ಳಿ ಅಂದ್ನಲ್ಲಾ!”

ಅಷ್ಟು ಗಟ್ಟಿಯಾಗಿ ಅವರು ಯಾವ ದೇಶದಲ್ಲೂ ಕ್ಲಾಸಿನಲ್ಲಿ ಕೂಗಿರಲಿಲ್ಲ. ಮಕ್ಕಳು ಹೆದರಿ ಹಿಂದಕ್ಕೆ ಸರಿದವು. ನಲ್ಲಪ್ಪನವರು ತಟ್ಟೆಯೊಂದನ್ನು ತೆಗೆದು ಸಾರಿನ ಪಾತ್ರೆಯ ಮೇಲೆ ಮುಚ್ಚಿದರು. ಕೇರಿಯ ಬಯ್ಯಪ್ಪನ ಮಗ ತನ್ನ ಪಾತ್ರೆಯನ್ನು ತಾನೇ ಮಕ್ಕಳಿಗೆ ಮುಟ್ಟಗೊಡದೆ ಕೂತಿದ್ದ. ಆವತ್ತಿನ ಸಾರನ್ನು ಅವರು ಉಣ್ಣಲಿಲ್ಲ. ಬೆಳಿಗ್ಗೆ ಬದನೆ ಪಾತಿಗೆ ಸುರಿದರು.

ಪರೀಕ್ಷೆ ಮುಗಿಯಿತು. ಫಲಿತಾಂಶ ಬಂದಾಗ ಚೀಮಲದಿನ್ನೆಯವರು ನಂಬಲಿಲ್ಲ. ಯಾವುದಕ್ಕೂ ಇರಲೆಂದು ಶಿಡ್ಲಘಟ್ಟಕ್ಕೆ ಇನ್ನೊಬ್ಬರನ್ನು ಕಳಿಸಿ ನೋಡಿಸಿದರು. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಫೇಲಾದವರು ಒಬ್ಬರೂ ಇರಲಿಲ್ಲ. ಲೆಕ್ಕದಲ್ಲಿ ಫೇಲಾದವರಿದ್ದರು, ವೆಂಕಟೇಶ್ ಮಾಲ್ಡೀವ್ಸ್ ಅರ್ಜಿಯನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ.

ಜುಲೈನಲ್ಲಿ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಸನ್ಮಾನ ಇಟ್ಟುಕೊಂಡರು. ಆಂಜಿನಮ್ಮ ಗೌರಿಬಿದನೂರಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತಳು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ತಟ್ಟೆ ಕೈಗಿಟ್ಟರು. ಹೆಡ್‌ಮಾಸ್ಟರು ಮಾತಾಡಿ ನಲ್ಲಪ್ಪನವರು ಎರಡು ಖಂಡಗಳನ್ನು ಗೆದ್ದು ಬಂದ ವೀರರೆಂದರು. ಕೊನೆಗೆ ಆವಲಪ್ಪ ಮೈಕಿನ ಮುಂದೆ ಬಂದ. ಸೊಪ್ಪು, ಹುಳು, ಗೂಡು ಬಿಟ್ಟರೆ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ಅವನ ಮಗಳು ಚಿಂತಾಮಣಿಯಲ್ಲಿ ಕಾಲೇಜಿಗೆ ಸೇರಿಯಾಗಿತ್ತು. ಅದನ್ನು ಹೇಳಿ ಅವನು ಮೈಕಿನಿಂದ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ನನಗೆ ಭಾಷಣ ಬರಲ್ಲ” ಎಂದ. “ಮೇಷ್ಟ್ರನ್ನ ಒಂದು ಮಾತು ಕೇಳ್ತೀನಿ, ಅವರೇ ಹೇಳಲಿ, ಮಕ್ಕಳಿಗೂ ಗೊತ್ತಾಗಲಿ. ಮೇಷ್ಟ್ರೇ, ನೀವು ಆಫ್ರಿಕಾದಾಗೆ ಇಂಗ್ಲಿಷ್ ಹೇಳ್ಕೊಟ್ರಿ. ಸಮುದ್ರದ ಮಧ್ಯದಾಗೆ ಹೇಳ್ಕೊಟ್ರಿ. ಈಗ ನಮ್ಮ ಚೀಮಲದಿನ್ನೇಲೂ ಹೇಳ್ಕೊಟ್ರಿ. ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ ಅಂತ ಬಿಡಿಸಿ ಹೇಳಿ.”

ಚಪ್ಪಾಳೆ ಬಿತ್ತು. ಶಾಲು, ಹಾರದ ಭಾರದಲ್ಲಿ ನಲ್ಲಪ್ಪನವರು ಎದ್ದರು. ಹೆಡ್‌ಮಾಸ್ಟರು ದೊಡ್ಡ ಭಾಷಣಕ್ಕೆ ಸಿದ್ಧರಾಗಿ ಕುರ್ಚಿಗೆ ಒರಗಿದರು. ಮುನಿಶಾಮಮ್ಮ ಕಿವಿಯ ಮೇಲಿನ ಸೆರಗು ಸರಿಸಿದಳು. ಆಂಜಿನಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ನಿಜವಾಗಿಯೂ ಸ್ವಲ್ಪ ಯೋಚಿಸಿದರು.

“ಇಂಗ್ಲಿಷಲ್ಲಿ ಏನೂ ವ್ಯತ್ಯಾಸ ಇಲ್ಲ ಆವಲಪ್ಪೋರೇ” ಎಂದರು. “ಇಲ್ಲಿ ಪಾತ್ರೆ ನಾನೇ ತೊಳ್ಕೋಬೇಕು, ಅಷ್ಟೇ.”